ಜೋಳದ ರೊಟ್ಟಿಯೂ ಅದರ ಜೊತೆಗಾರರೂ



ಯಾದಗಿರಿ, ಶಹಾಪುರ, ಸುರಪುರದ ಕಡೆ "ಊಟ ಆಯ್ತೇನ್ರಿ?" ಎಂದರೆ ರೊಟ್ಟಿ ಉಂಡಿರಾ ಎಂದೇ ಅರ್ಥ. ಆ ರೊಟ್ಟಿಯ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮ ಗಂಗಾಳದಲ್ಲಿರುವುದೆಲ್ಲ ಒಂದೇ ಸೀಮೆಯದಲ್ಲ. ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂತು. ತೊಗರಿ ನಮ್ಮ ದೇಶದ್ದೇ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದವು. ನಮ್ಮ ಹಿರಿಯರು ಇವನ್ನೆಲ್ಲ ಒಂದುಗೂಡಿಸಿದರು. ಮುಂಗಾರಿಗೆ ತೊಗರಿ, ಹೆಸರು; ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಹೊಲದಾಗ ಕೂಡಿ ಬೆಳೆದದ್ದು ಊಟದಾಗೂ ಕೂಡುತ್ತಿತ್ತು: ರೊಟ್ಟಿ, ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ.

ಆದರೆ ಬಡವರ ಮನೆಯಲ್ಲಿ ಜೊತೆಗಾರರು ತಪ್ಪಿ, ಬರೇ ರೊಟ್ಟಿ-ಖಾರ ಉಳಿದಾಗ ಏನಾಯಿತು ಕೇಳ್ರಿ. ಬಿಸಿಲು ತಾಗುವ ಕುತ್ತಿಗೆ, ಕೈಕಾಲುಗಳ ಚರ್ಮ ಕಪ್ಪಾಗಿ ಬಿರಿಯುವುದು, ಭೇದಿ ಹತ್ತುವುದು, ಮನಸ್ಸು ಕೆಡುವುದು. ಈ ರೋಗದ ಹೆಸರು ಪೆಲಾಗ್ರ. ಅಮೆರಿಕದಲ್ಲಿ ಮೆಕ್ಕೆಜೋಳ ಉಣ್ಣುವ ಬಡವರಿಗೂ ಇದೇ ಬರುತ್ತಿತ್ತು. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ಡಾ. ಜೋಸೆಫ್ ಗೋಲ್ಡ್‌ಬರ್ಗರ್ 1915ರ ಸುಮಾರಿಗೆ ತೋರಿಸಿದರು. ನಯಾಸಿನ್ ಎಂಬ ಜೀವಸತ್ವದಿಂದ ಇದು ವಾಸಿಯಾಗುವುದೆಂದು 1937ರ ಸುಮಾರಿಗೆ ತಿಳಿಯಿತು.

ನಮ್ಮ ಜೋಳದ ಸೀಮೆಯಲ್ಲಿ ಇದನ್ನು ಅಭ್ಯಾಸ ಮಾಡಿದವರು ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯ. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿರುವುದೇ ಕಾರಣವೆಂದು 1960ರಲ್ಲಿ ಅವರು ಬರೆದರು. ಆ ಕಾರಣದ ಬಗ್ಗೆ ಮುಂದೆ ವಿಜ್ಞಾನಿಗಳಲ್ಲಿ ವಾದ ನಡೆಯಿತು. ಮದ್ದಿನ ಬಗ್ಗೆ ವಾದವಿಲ್ಲ. ಬೇಳೆ, ಶೇಂಗಾ, ಹಾಲು ಕೂಡಿದರೆ ರೋಗ ದೂರ. ಜೋಳದ ತಪ್ಪಲ್ಲ, ಒಂಟಿತನದ ತಪ್ಪು!

ಕಾಲ ಬದಲಾಯಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಮುಗಿಯಿತು. ಕೃಷ್ಣೆಯ ಕಾಲುವೆ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಜೋಳದ ಜಾಗದಲ್ಲಿ ಭತ್ತ ನಿಂತಿತು. ಪಡಿತರದ ಅಕ್ಕಿಯೂ ಬಂತು. ಹಸಿವು ತಗ್ಗಿತು, ಒಳ್ಳೆಯದೇ. ಆದರೂ 2018ರಲ್ಲಿ ಕೇಂದ್ರ ಸರಕಾರ ವಿಶೇಷ ಗಮನಕ್ಕೆ ಆರಿಸಿದ ಹಿಂದುಳಿದ ಜಿಲ್ಲೆಗಳಲ್ಲಿ ಯಾದಗಿರಿಯೂ ಸೇರಿತು. ಅಲ್ಲಿ ನೋಡುವ ಲೆಕ್ಕಗಳಲ್ಲಿ ಮಕ್ಕಳ ಪೋಷಣೆಯೂ ಒಂದು. ಹೊಟ್ಟೆ ತುಂಬಿದ್ದೇ ಪೋಷಣೆಯಲ್ಲ ನೋಡ್ರಿ. ಅಂದು ಬರೇ ರೊಟ್ಟಿ-ಖಾರ ಸಾಲಲಿಲ್ಲ. ಇಂದು ಬರೇ ಅನ್ನ-ಸಾರೂ ಸಾಲದು.

ಹಾಗಾದರೆ ಏನು ಮಾಡಬೇಕು? ತೊಗರಿ ಮಾರುವಾಗ ಮನೆಗೆ ವರ್ಷದ ಬೇಳೆ ತೆಗೆದಿಡಿರಿ. ಬದುವಿನಲ್ಲಿ ಪುಂಡಿ, ಹಿತ್ತಲಲ್ಲಿ ನುಗ್ಗೆ ಇರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿರಿ. ಅದರ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಬೇಡ. ಎಲ್ಲರದೂ ಆದ ಮೇಲೆ ಉಣ್ಣುವ ತಾಯಿಗೆ ಬರೇ ತಳದ ಸಾರು ಉಳಿಯಬಾರದು. ಬಸುರಿ, ಬಾಣಂತಿಗೆ ಬೇಳೆ-ಪಲ್ಯ ಮೊದಲೇ ತೆಗೆದಿಡಿರಿ.

ಹಿರಿಯರು ಹೊಲದಲ್ಲಿ ಒಂದೇ ಬೆಳೆ ನೆಚ್ಚಲಿಲ್ಲ. ನಾವು ಗಂಗಾಳದಲ್ಲಿ ಒಂದೇ ಕಾಳು ನೆಚ್ಚುವುದು ಬೇಡ.