ಜೆಮಿನಿಯ ಬದಿಯಿಂದ ಅಮೆರಿಕಕ್ಕೆ

ಹಿಂದೆಲ್ಲ ಊರಿನಿಂದ ತಾಂಬರಂಗೆ ನೆಂಟರು ಬಂದರೆ ಕಂಚಿ, ಮಹಾಬಲಿಪುರ, ಮರೀನಾ ಎಂದು ಹೊರಡುತ್ತಿದ್ದರು. ಈಚಿನ ಕೆಲವು ದಶಕಗಳಲ್ಲಿ ನಮ್ಮ ಕನ್ನಡ ಮನೆಗಳಿಗೆ ಇನ್ನೊಂದು ಬಗೆಯ ನೆಂಟರೂ ಬರತೊಡಗಿದ್ದಾರೆ. ಅವರಿಗೆ ಸಮುದ್ರ ನೋಡುವ ಆಸೆಯಿಲ್ಲ. ಕೈಯಲ್ಲೊಂದು ದಪ್ಪ ಫೈಲು. ನುಂಗಂಬಾಕ್ಕಂಗೆ ಬೆಳಗಿನ ಲೋಕಲ್ ರೈಲು ಎಷ್ಟು ಗಂಟೆಗೆ ಎಂಬುದೊಂದೇ ಪ್ರಶ್ನೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಹೊರಟವರು ಇವರು. ಕರ್ನಾಟಕವು ಚೆನ್ನೈನ ಅಮೆರಿಕನ್ ಕಾನ್ಸುಲೇಟಿನ ವ್ಯಾಪ್ತಿಗೆ ಸೇರಿದ್ದರಿಂದ ದಾವಣಗೆರೆಯವರಿಗೂ ಶಿವಮೊಗ್ಗೆಯವರಿಗೂ ಅಮೆರಿಕದ ದಾರಿ ಜೆಮಿನಿ ಮೇಲ್ಸೇತುವೆಯ ಬದಿಯಿಂದಲೇ ಹೋಗುತ್ತದೆ. ಆ ದಾರಿ ಇಷ್ಟು ಇಕ್ಕಟ್ಟಾದ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಮೊದಲನೆಯ ಮಹಾಯುದ್ಧದ ಮುಂಚೆ ಹಡಗಿನ ಟಿಕೇಟಿಗೆ ಹಣವಿದ್ದ ಸಾಮಾನ್ಯ ಪ್ರಯಾಣಿಕನನ್ನು ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳುವವರು ಕಡಿಮೆ. ಯುದ್ಧಕಾಲದ ಕಟ್ಟುಪಾಡು ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ಭಾರತಕ್ಕೆ ಬರುವವರಿಗೆ ಪಾಸ್‌ಪೋರ್ಟ್ ಕಡ್ಡಾಯ ಮಾಡುವ ಕಾಯಿದೆಯೇ ಆಯಿತು. ಸ್ವಾತಂತ್ರ್ಯ ಬಂದ ಮೇಲೂ ಎರಡು ದಶಕ ಯಾರಿಗೆ ಪಾಸ್‌ಪೋರ್ಟ್ ಕೊಡಬೇಕು, ಯಾರಿಗೆ ಬೇಡ ಎಂಬುದು ಸರಕಾರದ ಮರ್ಜಿಗೆ ಬಿಟ್ಟ ಮಾತಾಗಿತ್ತು. 1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವ ಹಕ್ಕೂ ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಹೌದೆಂದರು, ಇಬ್ಬರು ಅಲ್ಲವೆಂದರು. ಅಂದರೆ ನಮ್ಮ ಹಕ್ಕು ಉಳಿದದ್ದು ಒಂದೇ ಮತದಿಂದ! ಆ ಜೂನ್‌ನಲ್ಲಿಯೇ ಪಾಸ್‌ಪೋರ್ಟ್ ಕಾಯಿದೆ ಬಂತು. 1978ರ ಮೇನಕಾ ಗಾಂಧಿ ಪ್ರಕರಣ ಆ ಹಕ್ಕಿಗೆ ಇನ್ನಷ್ಟು ಬಲ ಕೊಟ್ಟಿತು. (ನಮ್ಮಂಥ ಕೇಂದ್ರ ಸರಕಾರಿ ನೌಕರರು ಮಾತ್ರ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮುನ್ನ ಇಂದಿಗೂ ಕಚೇರಿಗೆ ಕಾಗದ ಬರೆಯಬೇಕು. ಅದು ಬೇರೆ ಪುರಾಣ.)

ಪಾಸ್‌ಪೋರ್ಟ್ ಸಿಕ್ಕರೂ ವಿದೇಶೀ ಹಣ ಸಿಗುತ್ತಿರಲಿಲ್ಲ. ರಿಸರ್ವ್ ಬ್ಯಾಂಕಿನ ಪಿ ಫಾರಂ ಇಲ್ಲದೆ ಟಿಕೇಟು ಇಲ್ಲ. 1960ರ ದಶಕದಲ್ಲಿ ಹೋದವರು ಜೇಬಿನಲ್ಲಿದ್ದ ಎಂಟು ಡಾಲರಿನ ಕತೆಯನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ.

ಹೀಗೆ ನಮ್ಮ ಮನೆಯ ಬಾಗಿಲು ಮೆಲ್ಲಗೆ ತೆರೆಯಿತು. ಆದರೆ ಹೋಗಬೇಕಾದ ಮನೆಯ ಬಾಗಿಲು? ಅಮೆರಿಕವು 1917ರ ಕಾನೂನಿನಲ್ಲಿ ಭಾರತೀಯ ವಲಸೆಗಾರರನ್ನು ಸಾರಾಸಗಟಾಗಿ ಹೊರಗಿಟ್ಟಿತ್ತು. 1946ರಲ್ಲಿ ವರ್ಷಕ್ಕೆ 100 ಜನರಿಗೆ ಎಡೆ ಕೊಟ್ಟಿತು. ಇಡೀ ದೇಶಕ್ಕೆ ನೂರು! 1965ರಲ್ಲಿ ಆ ಬಗೆಯ ಕೋಟಾ ರದ್ದಾದ ಮೇಲೆಯೇ ನಮ್ಮ ವೈದ್ಯರು, ಇಂಜಿನಿಯರುಗಳು ಹೋಗಿ ನೆಲೆಸಿದ್ದು. ಮಕ್ಕಳು ನೆಲೆಸಿದ ಮೇಲೆ ತಂದೆತಾಯಿಗಳು ನೋಡಲು ಹೊರಟರು. ಬ್ರಿಟನ್ನಿಗೆ ಹೋಗುವವರಿಗಂತೂ 1986ರವರೆಗೆ ಭೇಟಿಗೆ ವೀಸಾ ಎಂಬುದೇ ಕಡ್ಡಾಯವಿರಲಿಲ್ಲ.

ಅಮೆರಿಕದ ವೀಸಾದ ಕಷ್ಟವೆಲ್ಲ ಅಡಗಿರುವುದು 1952ರ ಅವರ ಕಾನೂನಿನ 214(ಬಿ) ಎಂಬ ಕಲಮಿನಲ್ಲಿ. ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲಿಯೇ ಉಳಿಯಲು ಹೊರಟವರೆಂದು ಅಧಿಕಾರಿ ಭಾವಿಸತಕ್ಕದ್ದು. ಅಲ್ಲವೆಂದು ರುಜುವಾತು ಮಾಡುವ ಹೊಣೆ ಅರ್ಜಿದಾರರದು. ಮುಂದೆ ಆಗದಿರುವ ಸಂಗತಿಯನ್ನು ಇಂದೇ ಸಾಬೀತು ಮಾಡುವ ವಿಧಾನವನ್ನು ನನಗೆ ಬಿ.ಎಸ್ಸಿ.ಯಲ್ಲಿ ಯಾರೂ ಕಲಿಸಲಿಲ್ಲ. ಆದ್ದರಿಂದಲೇ ಆ ದಪ್ಪ ಫೈಲು: ಪಹಣಿ, ಪಿಂಚಣಿ ಪುಸ್ತಕ, ಬ್ಯಾಂಕಿನ ಠೇವಣಿ ರಸೀತಿ, ಮನೆ ಕಂದಾಯದ ಚೀಟಿ, ಇದರ ಮೇಲೆ ಮಗ ಕಳಿಸಿದ ಆಹ್ವಾನಪತ್ರ, ಅವನ ಸಂಬಳದ ಲೆಕ್ಕ. ತಮಾಷೆಯೆಂದರೆ ಮಗನ ಭರವಸೆಗೆ ಅಲ್ಲಿ ಹೆಚ್ಚು ಬೆಲೆಯಿಲ್ಲ. ಅರ್ಜಿದಾರರಿಗೆ ಸ್ವಂತ ಊರಿನಲ್ಲಿರುವ ಕಟ್ಟುಗಳ ಮೇಲೆಯೇ ವೀಸಾ ತೀರ್ಮಾನವೆಂದು ಅವರ ವಿದೇಶಾಂಗ ಇಲಾಖೆ ಬಹಿರಂಗವಾಗಿಯೇ ಹೇಳಿದೆ. ಮಕ್ಕಳು ಅಲ್ಲಿದ್ದಾರೆಂದು ತಾಯಿ ಹೋಗಬೇಕು. ಮಕ್ಕಳು ಅಲ್ಲಿದ್ದಾರೆಂದೇ ಅವಳ ಮೇಲೆ ಅನುಮಾನ.

ಕೌಂಟರಿನ ಆಚೆ ಕೂರುವ ವೃತ್ತಿಯವನಾದ್ದರಿಂದ ಆಚೆಯವರ ಪಾಡೂ ನನಗೆ ತಿಳಿಯುತ್ತದೆ. ಸಾಲು ಉದ್ದ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಬೇರೆ ದೇಶದವರನ್ನು ಒಳಗೆ ಬಿಡಲು ನಿಯಮ ಮಾಡುವುದು ಯಾವ ದೇಶಕ್ಕೂ ಸಲ್ಲುವ ಹಕ್ಕೇ. ಆದರೂ ನಲವತ್ತು ವರ್ಷ ಪಾಠ ಹೇಳಿದ ಮೇಷ್ಟರು ಆ ಕಿಟಕಿಯ ಮುಂದೆ ಪರೀಕ್ಷೆಗೆ ಕೂತ ಹುಡುಗನಂತೆ ಬೆವರುವುದು ನನಗೆ ಸರಿಕಾಣದು. ನಿರಾಕರಿಸಿದರೆ ಮೇಲ್ಮನವಿಯಿಲ್ಲ. 185 ಡಾಲರಿನ ಶುಲ್ಕವೂ ಹಿಂದಿರುಗದು. ಮತ್ತೆ ಶುಲ್ಕ ಕಟ್ಟಿ ಮತ್ತೆ ಅರ್ಜಿ ಹಾಕಬಹುದು, ಅಷ್ಟೇ.

ಮೌಂಟ್ ರೋಡಿನ ಆ ಕಟ್ಟಡ 1969ರದು, ಎದುರಿನ ಮೇಲ್ಸೇತುವೆಗಿಂತ ನಾಲ್ಕು ವರ್ಷ ಹಿರಿದು. ಮುಂಚಿತವಾಗಿ ದಿನ ಗೊತ್ತುಮಾಡುವ ಪದ್ಧತಿ ಬರುವ ಮೊದಲು ಜನ ನಸುಕಿಗೂ ಮುನ್ನವೇ ಗೋಡೆಯ ಬದಿ ಸಾಲುಗಟ್ಟುತ್ತಿದ್ದರು. ಈಗ ಸಾಲು ಕಂಪ್ಯೂಟರಿನೊಳಗೆ ಸೇರಿದೆ. ಕೋವಿಡ್ ಕಳೆದ ಮೇಲೆ 2022ರ ಕೊನೆಗೆ ಹೊಸದಾಗಿ ಪ್ರವಾಸಿ ವೀಸಾ ಕೇಳಿದವರ ಕಾಯುವಿಕೆ ಎರಡು ವರ್ಷವನ್ನೂ ಮೀರಿತ್ತು. ಬಾಣಂತನಕ್ಕೆಂದು ಅರ್ಜಿ ಹಾಕಿದವಳು ಹೋಗುವ ವೇಳೆಗೆ ಮಗು ಓಡಾಡುತ್ತಿರುತ್ತದೆ! ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನವಾದ್ದರಿಂದ ನೆಂಟರು ರಾತ್ರಿ ತಂಗಲೇಬೇಕು. ತಿರುಸೂಲಂ ವಿಮಾನ ನಿಲ್ದಾಣವೇನೋ ತಾಂಬರಂಗೆ ನಾಲ್ಕೇ ಸ್ಟೇಷನ್ನು. ವಿಮಾನದ ಸದ್ದು ಕೇಳಿದಾಗಲೆಲ್ಲ ಅವರು ತಲೆಯೆತ್ತಿ ನೋಡುತ್ತಾರೆ.

ಬೆಂಗಳೂರಿನಲ್ಲಿ ಅಮೆರಿಕನ್ ಕಾನ್ಸುಲೇಟು ಬೇಕೆಂಬುದು ಬಹಳ ಹಳೆಯ ಬೇಡಿಕೆ. 2008ರಲ್ಲಿ ಹೈದರಾಬಾದಿಗೆ ಸಿಕ್ಕಿತು; ಬೆಂಗಳೂರಿಗೆ 2025ರ ಜನವರಿ 17ರಂದು ಉದ್ಘಾಟನೆಯ ಸಮಾರಂಭ ನಡೆಯಿತು. ಆದರೆ ವೀಸಾ ಕೊಡುವ ಕೆಲಸ ಅಂದೇ ಆರಂಭವಾಗಲಿಲ್ಲ. ಅದೇ ವರ್ಷ ಇನ್ನೊಂದು ಬದಲಾವಣೆಯೂ ಆಯಿತು. ಅದುವರೆಗೆ 79 ವಯಸ್ಸು ದಾಟಿದವರಿಗೆ ಸಾಮಾನ್ಯವಾಗಿ ಸಂದರ್ಶನದಿಂದ ವಿನಾಯಿತಿ ಇತ್ತು. ಸೆಪ್ಟೆಂಬರ್ 2ರಿಂದ ಅದು ಹೋಯಿತು. ಊರಲ್ಲಿ ಅಂಥ ಹಿರಿಯರಿದ್ದು ಮೊದಲ ಸಲ ಹೊರಡುವವರಿದ್ದರೆ ಕೆಳಗಿನ ಬರ್ತನ್ನೇ ಕಾದಿರಿಸಿ, ಜೊತೆಗೆ ಒಬ್ಬರನ್ನು ಕಳುಹಿಸಲು ಹೇಳಿರಿ. ಕಿಟಕಿಯವರೆಗೆ ಮಾತ್ರ ಅವರೊಬ್ಬರೇ ನಡೆಯಬೇಕಾದೀತು.