ಡೋಲಮೈಟ್: ಮೌಖಿಕ ಕಥನದಿಂದ ಬೆಳ್ಳಿತೆರೆಗೆ

ಒಬ್ಬನೇ ವ್ಯಕ್ತಿ ವೇದಿಕೆಯ ಮೇಲೆ ನಿಂತು, ವೇಷಪರಿಕರಗಳ ನೆರವಿಲ್ಲದೆ ಕೇವಲ ಮಾತಿನಿಂದ ಸಭೆಯನ್ನು ನಗಿಸುವ ‘ಸ್ಟ್ಯಾಂಡ್‌ಅಪ್ ಕಾಮಿಡಿ’ಯನ್ನು ಆಧುನಿಕ ನಗರ ಸಂಸ್ಕೃತಿಯ ಕೂಸೆಂದು ಭಾವಿಸುವುದು ವಾಡಿಕೆ. ಅಮೆರಿಕದ ಎಚ್‌ಬಿಒ ಕೇಬಲ್ ವಾಹಿನಿಯು 1975ರಲ್ಲಿ ರಾಬರ್ಟ್ ಕ್ಲೈನ್ ಅವರ ಪ್ರದರ್ಶನವನ್ನು ಚಿತ್ರೀಕರಿಸಿ ಬಿತ್ತರಿಸಿದ ಬಳಿಕ ‘ಸ್ಪೆಷಲ್’ ಎಂಬ ಪ್ರಕಾರ ರೂಢಿಗೆ ಬಂದಿತು. ವೇದಿಕೆಯ ಮಾತು ಹಾಸ್ಯಗಾರನ ಸ್ವಂತದ್ದಾಗಿರಬೇಕೆಂಬುದು ಇದರ ಅಲಿಖಿತ ಕರಾರು. ಇನ್ನೊಬ್ಬರ ಚಟಾಕಿಯನ್ನು ಕದ್ದರೆಂಬ ಆರೋಪ ಆ ವೃತ್ತಿಯಲ್ಲಿ ದೊಡ್ಡ ಕಳಂಕ. ಅದೇ 1975ರಲ್ಲಿ ತೆರೆಕಂಡ ‘ಡೋಲಮೈಟ್’ ಎಂಬ ವಿಲಕ್ಷಣ ಹಾಸ್ಯಚಿತ್ರವು ಈ ಕರಾರಿಗೆ ಹೊರಗಿನದು. ಅದರ ನಾಯಕನಟ ರೂಡಿ ರೇ ಮೂರ್ ಅವರನ್ನು ಪ್ರಸಿದ್ಧಗೊಳಿಸಿದ ಕಥೆಗಳು ಮೌಖಿಕ ಪರಂಪರೆಯ ಸ್ವತ್ತಾಗಿದ್ದವು. ಅವು ಬೀದಿಯಿಂದ ಧ್ವನಿಮುದ್ರಿಕೆಗೆ, ಅಲ್ಲಿಂದ ಚಲನಚಿತ್ರಕ್ಕೆ ಸಾಗಿದ ದಾರಿಯನ್ನು ಗುರುತಿಸುವುದು ಮತ್ತು ಆ ದಾರಿಯಲ್ಲಿ ಮೂಲ ವಕ್ತೃವಿಗೆ ಸಂದ ಸ್ಥಾನವೇನೆಂದು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ.

ಆಫ್ರಿಕನ್-ಅಮೆರಿಕನ್ ಸಮುದಾಯದಲ್ಲಿ ‘ಟೋಸ್ಟ್’ ಎಂದು ಕರೆಯಲಾಗುವ ಪ್ರಕಾರವು ಪ್ರಾಸಬದ್ಧವಾದ ದೀರ್ಘ ಕಥನಪದ್ಯ. ನಮ್ಮ ಲಾವಣಿಯಂತೆ ಇದರಲ್ಲಿಯೂ ಪರಾಕ್ರಮದ ಬಣ್ಣನೆಯಿದೆ, ಎದುರಾಳಿಯನ್ನು ಕೆಣಕುವ ಹುರುಪಿದೆ. ಆದರೆ ಡಪ್ಪು-ತುಂತುಣಿಗಳ ಹಿಮ್ಮೇಳವಿಲ್ಲ. ಇದು ಹಾಡಿಕೆಯಲ್ಲ, ಹೇಳಿಕೆ. ಬೀದಿಮೂಲೆ, ಕ್ಷೌರದಂಗಡಿ, ಮದ್ಯದಂಗಡಿ, ಸೆರೆಮನೆ ಇದರ ಕ್ಷೇತ್ರಗಳು. ರೋಜರ್ ಅಬ್ರಹಾಮ್ಸ್ ಅವರು ಫಿಲಡೆಲ್ಫಿಯಾ ನಗರದ ಬೀದಿಗಳಲ್ಲಿ ಸಂಗ್ರಹಿಸಿದ ಟೋಸ್ಟ್‌ಗಳ ಅಧ್ಯಯನ 1964ರಲ್ಲಿ ಪ್ರಕಟವಾಯಿತು. ಟೆಕ್ಸಾಸ್‌ನ ಸೆರೆಮನೆಗಳಲ್ಲಿಯೂ ಕ್ಷೇತ್ರಕಾರ್ಯ ನಡೆಸಿದ ಬ್ರೂಸ್ ಜಾಕ್ಸನ್ ಅವರ ಸಂಕಲನ 1974ರಲ್ಲಿ ಬಂದಿತು. ಟೋಸ್ಟ್‌ನ ಭಾಷೆ ಸಭ್ಯರ ಕಿವಿಗೆ ಒಗ್ಗುವಂಥದ್ದಲ್ಲ. ಹೋಳಿಹುಣ್ಣಿಮೆಯ ಪದಗಳನ್ನು ಬರೆದುಕೊಂಡು, ಅಚ್ಚಿಗೆ ಕೊಡುವಾಗ ಕೈತಡೆದವರಿಗೆ ಈ ಇಕ್ಕಟ್ಟನ್ನು ವಿವರಿಸಬೇಕಾಗಿಲ್ಲ.

ಈ ಪರಂಪರೆಯ ಎರಡು ಕಥನಗಳು ಅತ್ಯಂತ ಪ್ರಸಿದ್ಧ. ಮೊದಲನೆಯದರಲ್ಲಿ ಮರದ ಮೇಲಿನ ಕುಹಕಿ ಕೋತಿಯೊಂದು, ಆನೆ ನಿನ್ನನ್ನು ಜರೆಯುತ್ತಿದೆಯೆಂದು ಸಿಂಹಕ್ಕೆ ಚಾಡಿ ಹೇಳುತ್ತದೆ. ಕೆರಳಿದ ಸಿಂಹ ಆನೆಯ ಮೇಲೆ ಬಿದ್ದು ಮೈಮುರಿಯುವಂತೆ ಒದೆ ತಿಂದು ಮರಳುತ್ತದೆ. ಎರಡನೆಯದು 1912ರ ಟೈಟಾನಿಕ್ ದುರಂತಕ್ಕೆ ಹೆಣೆದ ಕಲ್ಪಿತ ಕಥೆ. ಹಡಗಿನ ಒಡಲಲ್ಲಿ ಕಲ್ಲಿದ್ದಲು ಹಾಕುವ ‘ಶೈನ್’ ಎಂಬ ಕಪ್ಪು ಕೂಲಿಗಾರ, ನೀರು ನುಗ್ಗುತ್ತಿದೆಯೆಂದು ಎಚ್ಚರಿಸುತ್ತಾನೆ. ಕಪ್ತಾನ ತನ್ನ ಪಂಪುಗಳನ್ನು ನಂಬಿ ಅವನನ್ನು ಗದರಿ ಕಳಿಸುತ್ತಾನೆ. ಹಡಗು ಮುಳುಗುವಾಗ ಸಿರಿವಂತರು ಹಣದ ಆಸೆ ತೋರಿಸಿ ರಕ್ಷಿಸೆಂದು ಮೊರೆಯಿಟ್ಟರೂ ಶೈನ್ ಹಿಂದಿರುಗಿ ನೋಡದೆ ಈಜಿ ದಡ ಸೇರುತ್ತಾನೆ. ದುರ್ಗಸಿಂಹನ ಪಂಚತಂತ್ರವನ್ನು ಬಲ್ಲ ನಮಗೆ ಸಿಂಹಕ್ಕೂ ಎತ್ತಿಗೂ ಒಡಕು ತಂದ ನರಿ ಇಲ್ಲಿ ನೆನಪಾಗುವುದು ಸಹಜ. ಇವೆರಡಕ್ಕೂ ವಂಶಸಂಬಂಧ ಕಲ್ಪಿಸುವ ಆತುರ ಬೇಡ. ನರಿಯ ಗುರಿ ಅರಸನ ಸಾಮೀಪ್ಯ. ಕೋತಿಗೆ ಅರಸನ ಸೊಕ್ಕು ಮುರಿಯುವುದೇ ಸಾಕು.

1927ರಲ್ಲಿ ಅರ್ಕನ್ಸಾದಲ್ಲಿ ಹುಟ್ಟಿದ ಮೂರ್, ಗಾಯಕ, ನರ್ತಕ, ಹಾಸ್ಯಗಾರರಾಗಿ ಹಲವು ವರ್ಷ ದುಡಿದರೂ ಹೆಸರು ಮಾಡಲಿಲ್ಲ. ಲಾಸ್ ಏಂಜಲೀಸ್‌ನ ಧ್ವನಿಮುದ್ರಿಕೆಗಳ ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದಾಗ, ಅಲ್ಲಿಗೆ ಬರುತ್ತಿದ್ದ ರಿಕೋ ಎಂಬ ಕುಡುಕ ಮುದುಕರು ಡೋಲಮೈಟ್ ಎಂಬ ಪುಂಡವೀರನ ಟೋಸ್ಟ್ ಹೇಳುತ್ತಿದ್ದರೆಂದೂ ತಾನು ಅವರಿಂದ ಅದನ್ನು ಪಡೆದೆನೆಂದೂ ಮೂರ್ ಅವರೇ ಹೇಳಿಕೊಂಡಿದ್ದಾರೆ. ವಿಶ್ವವಿದ್ಯಾಲಯದ ನಂಟಿಲ್ಲದಿದ್ದರೂ ಇದು ಕ್ಷೇತ್ರಕಾರ್ಯವೇ. ಹೀಗೆ ಸಿದ್ಧವಾದ ಧ್ವನಿಮುದ್ರಿಕೆ 1970ರಲ್ಲಿ ಹೊರಬಂದಿತು. ಅದರ ಹೊದಿಕೆಯ ಚಿತ್ರವೂ ಒಳಗಿನ ಮಾತೂ ಒಂದನ್ನೊಂದು ಮೀರಿಸುವಂತಿದ್ದುದರಿಂದ ಅಂಗಡಿಗಳಲ್ಲಿ ಅದನ್ನು ಮರೆಯಲ್ಲಿಟ್ಟು ಮಾರಲಾಗುತ್ತಿತ್ತು. ಮೂರ್ ತಂದ ಮುಖ್ಯ ಮಾರ್ಪಾಡು ವ್ಯಾಕರಣಕ್ಕೆ ಸಂಬಂಧಿಸಿದ್ದು. ಟೋಸ್ಟ್‌ನಲ್ಲಿ ಡೋಲಮೈಟ್ ‘ಅವನು’. ಚಲನಚಿತ್ರದಲ್ಲಿ ಮೂರ್ ಅವರ ಬಾಯಲ್ಲಿ ‘ನಾನು’. ಸಮುದಾಯದ ಕಥಾನಾಯಕನೊಬ್ಬ ಈ ಪಲ್ಲಟದಿಂದ ಒಬ್ಬ ಕಲಾವಿದನ ವೇದಿಕೆಯ ವ್ಯಕ್ತಿತ್ವವಾದ.

ಧ್ವನಿಮುದ್ರಿಕೆಗಳಿಂದ ಬಂದ ಹಣವನ್ನು ಮೂರ್ ಚಲನಚಿತ್ರಕ್ಕೆ ಸುರಿದರು. ಡರ್ವಿಲ್ ಮಾರ್ಟಿನ್ ನಿರ್ದೇಶಿಸಿದ ಈ ಚಿತ್ರದ ಕಥೆ ತೆಳುವಾದುದು. ಸೆರೆಯಿಂದ ಬಿಡುಗಡೆಯಾದ ನಾಯಕ ತನ್ನ ಕ್ಲಬ್ಬನ್ನು ಮರಳಿ ಪಡೆಯುವ ಹೊಡೆದಾಟವಷ್ಟೇ. ಹೊಡೆತಗಳು ಗುರಿ ಮುಟ್ಟುವುದಿಲ್ಲ, ಆದರೂ ಬೀಳಬೇಕಾದವರು ಬೀಳುತ್ತಾರೆ. ಜಾನಪದದ ದೃಷ್ಟಿಯಿಂದ ಚಿತ್ರದ ಜೀವ ಬೇರೆಡೆಯಿದೆ. ಬಯಲಲ್ಲಿ ಸುತ್ತುಗಟ್ಟಿದವರಿಗೆ ನಾಯಕ ಶೈನ್‌ನ ಕಥೆ ಹೇಳುವಾಗ, ಕ್ಲಬ್ಬಿನ ವೇದಿಕೆಯಲ್ಲಿ ಕೋತಿಯ ಕಥೆ ಹೇಳುವಾಗ ಕಥಾಓಟ ನಿಂತುಬಿಡುತ್ತದೆ. ಇದನ್ನು ನಿರೂಪಣೆಯ ದೋಷವೆನ್ನಬಹುದು. ಪ್ರಸಂಗವನ್ನು ಪಕ್ಕಕ್ಕಿಟ್ಟು ಹಾಸ್ಯಗಾರನಿಗೆ ರಂಗ ಬಿಟ್ಟುಕೊಡುವ ಬಯಲಾಟಗಳನ್ನು ನೋಡಿ ಬೆಳೆದವರು ಹಾಗೆನ್ನಲಾರರು. ಶೈನ್‌ನ ಕಥೆಯಂತೂ ತನ್ನ ಸಹಜ ಸಂದರ್ಭದ ಅನುಕರಣೆಯೊಂದಿಗೆ, ಕೇಳುಗರ ನಗೆಯೊಂದಿಗೆ ಅಲ್ಲಿ ದಾಖಲಾಗಿದೆ. ಅಚ್ಚಾದ ಸಂಕಲನಗಳಿಗೆ ಇದು ನಿಲುಕದು.

ಚಿತ್ರದ ಪ್ರಸರಣದಲ್ಲಿ ಪಾಠಾಂತರದ ಸ್ವಾರಸ್ಯವೂ ಉಂಟು. ದೃಶ್ಯಗಳಲ್ಲಿ ಮೈಕು ಮೇಲಿನಿಂದ ಇಣುಕುವುದು ಈ ಚಿತ್ರದ ಬಹುಖ್ಯಾತ ಪ್ರಮಾದ. ಚಿತ್ರಮಂದಿರದಲ್ಲಿ ಚೌಕಟ್ಟಿನ ಮೇಲಂಚು ಮರೆಯಾಗಬೇಕಿತ್ತು. ಮನೆಬಳಕೆಯ ವಿಡಿಯೊ ಪ್ರತಿಗಳಲ್ಲಿ ಅದು ತೆರೆದೇ ಉಳಿಯಿತು. 2016ರ ಪುನಃಸ್ಥಾಪಿತ ಆವೃತ್ತಿ ಇದನ್ನು ಸ್ಪಷ್ಟಪಡಿಸಿತು. ಸೋಜಿಗವೆಂದರೆ, ಪ್ರಕಾಶಕರು ಮೈಕು ಕಾಣುವ ಆವೃತ್ತಿಯನ್ನೂ ಜೊತೆಗೇ ಒದಗಿಸಿದರು. ಲಿಪಿಕಾರನ ತಪ್ಪು ಓದುಗರ ಮೆಚ್ಚಿನ ಪಾಠವಾಗುವುದು ಹಸ್ತಪ್ರತಿಗಳ ಲೋಕಕ್ಕೆ ಹೊಸತೇನಲ್ಲ.

ಇದೇ ಪರಂಪರೆಯ ಹತ್ತಿರದಲ್ಲಿದ್ದು ಬೇರೆ ದಾರಿ ಹಿಡಿದವರು ರಿಚರ್ಡ್ ಪ್ರಯರ್. 1979ರಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡ ಅವರ ಪ್ರದರ್ಶನಚಿತ್ರ ಇಂದಿಗೂ ಸ್ಪೆಷಲ್‌ಗಳಿಗೆ ಮಾದರಿ. ಅವರ ‘ಮಡ್‌ಬೋನ್’ ಮಿಸಿಸಿಪ್ಪಿಯ ಮುದುಕ, ಉತ್ಪ್ರೇಕ್ಷೆಯ ಕಥೆಗಾರ. 1975ರ ಧ್ವನಿಮುದ್ರಿಕೆಯಲ್ಲಿ ಅವನು ಬರುತ್ತಾನೆ. ಪ್ರಯರ್ ವಕ್ತೃವನ್ನೇ ಪಾತ್ರವಾಗಿಸಿ ಅವನ ದನಿಯನ್ನು ಕೇಳಿಸಿದರು. ಮೂರ್ ವಕ್ತೃವಿನ ಕಥೆಯನ್ನು ತೆಗೆದುಕೊಂಡು ತಾವೇ ಕಥಾನಾಯಕರಾದರು. ಕೇಳುಗನಿಗೆ ಮುದುಕನ ಇರವು ಅರಿವಾಗುವುದು ಮೊದಲನೆಯದರಲ್ಲಿ.

ಆದರೂ ಮೂರ್ ಅವರನ್ನು ಕಳ್ಳರೆನ್ನುವುದು ಅನ್ಯಾಯ. ಟೋಸ್ಟ್ ರಿಕೋ ಅವರ ರಚನೆಯೂ ಆಗಿರಲಿಲ್ಲ. ಕೇಳಿದವರು ಕಲಿತು ಹೇಳುವುದೇ ಅದರ ಧರ್ಮ. ತೊಡಕು ಹುಟ್ಟಿದ್ದು ಹೇಳಿಕೆ ಸರಕಾದಾಗ. ಬೀದಿಯಲ್ಲಿ ಎಲ್ಲರದಾಗಿದ್ದುದು ಧ್ವನಿಮುದ್ರಿಕೆಯ ಮೇಲೆ ಒಬ್ಬರ ಹೆಸರಿನಲ್ಲಿ ಮಾರಾಟವಾಯಿತು. ವಕ್ತೃಗಳ ಹೆಸರನ್ನು ಅನುಬಂಧದ ಸಣ್ಣಕ್ಷರಕ್ಕೂ ಸಂಪಾದಕರ ಹೆಸರನ್ನು ಮುಖಪುಟಕ್ಕೂ ಹಾಕುವ ನಮ್ಮ ಸಂಕಲನಗಳ ಪದ್ಧತಿಯೂ ಇಲ್ಲಿ ವಿಚಾರಾರ್ಹ. ಮೂರ್ ಅವರಾದರೋ ರಿಕೋ ಹೆಸರನ್ನು ಸಂದರ್ಶನಗಳಲ್ಲಿ ಮರೆಮಾಚಲಿಲ್ಲ. ರ‍್ಯಾಪ್ ಗಾಯಕರು ಮೂರ್ ಅವರನ್ನು ತಮ್ಮ ಹಿರಿಯರೆಂದು ಗೌರವಿಸಿದರು. 1990ರಲ್ಲಿ ಬಿಗ್ ಡ್ಯಾಡಿ ಕೇನ್ ಅವರೊಡನೆ ಮೂರ್ ಧ್ವನಿಮುದ್ರಿಕೆಯೊಂದರಲ್ಲಿ ಮಾತಿನ ಪೈಪೋಟಿ ನಡೆಸಿದ್ದೂ ಉಂಟು. ಅವರು 2008ರಲ್ಲಿ ನಿಧನರಾದರು. 2019ರಲ್ಲಿ ನೆಟ್‌ಫ್ಲಿಕ್ಸ್ ಬಿಡುಗಡೆ ಮಾಡಿದ, ಎಡ್ಡಿ ಮರ್ಫಿ ಅಭಿನಯದ ಜೀವನಚಿತ್ರದಲ್ಲಿ ರಿಕೋ ಒಂದು ಪಾತ್ರವಾಗಿ ಬರುತ್ತಾರೆ. ಅಲ್ಲಿ ಅವರು ಕಥೆ ಹೇಳುತ್ತಾರೆ, ಮೂರ್ ಕೇಳಿಸಿಕೊಳ್ಳುತ್ತಾರೆ.