ಕೋಳಿಯ ಒಡಲು, ಬೆಕ್ಕಿನ ಮಲ: ಏಕಕೋಶ ಪರೋಪಜೀವಿಗಳ ಪ್ರಸರಣದಲ್ಲಿ ಸಾಕುಹಕ್ಕಿಯ ಪಾತ್ರ

ಹಕ್ಕಿಯ ಮೈಯಲ್ಲಿ ಪರೋಪಜೀವಿ ಸಿಕ್ಕಿದ ಕೂಡಲೇ ರೋಗ ಹರಡುತ್ತಿರುವುದೂ ಆ ಹಕ್ಕಿಯೇ ಎಂದು ತೀರ್ಮಾನಿಸುವುದುಂಟು. ಆದರೆ ಇಲ್ಲಿರುವುದು ಎರಡು ಪ್ರಶ್ನೆಗಳು. ಪರೋಪಜೀವಿ ಕೋಳಿಯೊಳಗೆ ಬದುಕಬಲ್ಲದೇ ಎಂಬುದು ಒಂದು. ಅಲ್ಲಿಂದ ಹೊರಟು ಮತ್ತೊಂದು ಜೀವವನ್ನು ಮುಟ್ಟಲು ಅದಕ್ಕೆ ದಾರಿಯಿದೆಯೇ ಎಂಬುದು ಇನ್ನೊಂದು. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೂ ಅನ್ವಯಿಸಿದರೆ ಎಡವುತ್ತೇವೆ ಎಂಬುದಕ್ಕೆ ಟಾಕ್ಸೊಪ್ಲಾಸ್ಮಾ ಗೊಂಡಿಯ ಸಂಶೋಧನೆಯ ಚರಿತ್ರೆಯೇ ಸಾಕ್ಷಿ.

1908ರಲ್ಲಿ ಟ್ಯೂನಿಸ್‌ನ ಪಾಸ್ಚರ್ ಸಂಸ್ಥೆಯಲ್ಲಿ ಷಾರ್ಲ್ ನಿಕೋಲ್ ಮತ್ತು ಲೂಯಿ ಮಾಂಸೊ ಉತ್ತರ ಆಫ್ರಿಕದ ದಂಶಕವೊಂದರಲ್ಲಿ ಈ ಜೀವಿಯನ್ನು ಗುರುತಿಸಿದರು. ಅದೇ ವರ್ಷ ಬ್ರೆಜಿಲ್‌ನಲ್ಲಿ ಅಲ್ಫೊನ್ಸೊ ಸ್ಪ್ಲೆಂಡೋರ್ ಮೊಲದಲ್ಲಿ ಕಂಡರು. ಹಸಿಮಾಂಸ ತಿಂದವರಿಗೆ ಸೋಂಕು ತಗಲುವುದು ಅರ್ಥವಾಗುವಂಥದ್ದು. ಹುಲ್ಲು ಮೇಯುವ ಕುರಿಗೆ, ಮಾಂಸ ಮುಟ್ಟದ ಮನುಷ್ಯನಿಗೆ ಅದು ಎಲ್ಲಿಂದ ಬರುತ್ತದೆ? ಈ ಒಗಟು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಿಡಿಸಲಾಗದೆ ಉಳಿಯಿತು. 1965ರಲ್ಲಿ ಗ್ಲಾಸ್ಗೊದ ವಿಲಿಯಂ ಹಚಿಸನ್, ಬೆಕ್ಕಿನ ಮಲದಲ್ಲಿ ಸೋಂಕು ಹೊರಬೀಳುತ್ತದೆಂದು ತೋರಿಸಿ, ಪರೋಪಜೀವಿಯು ಬೆಕ್ಕಿನ ಜಂತುಹುಳುವಿನ ಮೊಟ್ಟೆಯೊಳಗೆ ಅಡಗಿರಬಹುದೆಂದು ಊಹಿಸಿದರು.

ಆ ಊಹೆಗೆ ಪೂರ್ವನಿದರ್ಶನ ಕೋಳಿಗೂಡಿನಲ್ಲೇ ಇತ್ತು. ಟರ್ಕಿ ಕೋಳಿಗಳ ಕುರುಡುಕರುಳನ್ನೂ ಈಲಿಯನ್ನೂ ಹಾಳುಮಾಡುವ ರೋಗವೊಂದನ್ನು 1895ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ವರ್ಣಿಸಿದ್ದರು. ಹಿಸ್ಟೊಮೊನಾಸ್ ಎಂದು ಮುಂದೆ ಹೆಸರಾದ ಅದರ ಏಕಕೋಶ ಜೀವಿ ಹಿಕ್ಕೆಯಲ್ಲಿ ಬರಿದಾಗಿ ಬಿದ್ದರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಹೆಟೆರಾಕಿಸ್ ಎಂಬ ಜಂತುಹುಳುವಿನ ಮೊಟ್ಟೆಯೊಳಗೆ ಸೇರಿಕೊಂಡರೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎರೆಹುಳು ಆ ಮೊಟ್ಟೆಯನ್ನು ನುಂಗಿ ಕಾಪಾಡುವುದೂ ಉಂಟು. ಹುಳುವಿನ ಈ ಪಾತ್ರವನ್ನು ಸ್ಮಿತ್ ಮತ್ತು ಗ್ರೇಬಿಲ್ 1920ರಲ್ಲಿ ಬಯಲಿಗೆ ತಂದರು. ಕೋಳಿಗೆ ಇದರಿಂದ ಆಗುವ ತೊಂದರೆ ಸಾಮಾನ್ಯವಾಗಿ ಅಲ್ಪ. ಅದು ಚೆನ್ನಾಗಿಯೇ ಓಡಾಡಿಕೊಂಡು ಅಂಗಳದ ತುಂಬ ಹುಳುವಿನ ಮೊಟ್ಟೆ ಉದುರಿಸುತ್ತದೆ, ಅದೇ ಅಂಗಳದಲ್ಲಿ ಮೇಯುವ ಟರ್ಕಿ ಸಾಯುತ್ತದೆ. ಆಶ್ರಯ ಕೊಡುವುದು, ಹರಡುವುದು ಎರಡನ್ನೂ ಕೋಳಿಯೇ ಮಾಡುವ ನಿಚ್ಚಳ ಉದಾಹರಣೆ ಇದು. ನಾಟಿ ಕೋಳಿಯ ಜೊತೆಯಲ್ಲೇ ಟರ್ಕಿ ಬಿಡುವ ನಮ್ಮ ಸಾಕಣೆದಾರರು ಇದನ್ನು ಗಮನಿಸಬೇಕು. ಅಮೆರಿಕದಲ್ಲಿ ಈ ರೋಗಕ್ಕೆ ಉಳಿದಿದ್ದ ನೈಟಾರ್ಸೋನ್ ಎಂಬ ಆರ್ಸೆನಿಕ್ ಔಷಧಿಯನ್ನೂ 2015ರ ಕೊನೆಗೆ ಹಿಂತೆಗೆದುಕೊಳ್ಳಲಾಯಿತು.

ಟಾಕ್ಸೊಪ್ಲಾಸ್ಮಾದ ಮಟ್ಟಿಗೆ ಮಾತ್ರ ಈ ಹೋಲಿಕೆ ನಿಲ್ಲಲಿಲ್ಲ. ಜಂತುಹುಳುವೇ ಇಲ್ಲದ ಬೆಕ್ಕುಗಳ ಮಲದಲ್ಲೂ ಸೋಂಕು ಕಂಡಿತು. 1970ರ ಹೊತ್ತಿಗೆ ಹಲವು ತಂಡಗಳು ಪರೋಪಜೀವಿಯ ಲೈಂಗಿಕ ಹಂತ ಬೆಕ್ಕಿನ ಕರುಳಿನಲ್ಲಿ ನಡೆಯುತ್ತದೆಂದೂ ಅಲ್ಲಿಂದ ಗಟ್ಟಿ ಕವಚದ ಊಸಿಸ್ಟ್‌ಗಳು ಹೊರಬೀಳುತ್ತವೆಂದೂ ಸ್ಥಾಪಿಸಿದವು. ಬೆಕ್ಕಿನ ಕುಟುಂಬದ ಆಚೆ ಯಾವ ಪ್ರಾಣಿಯೂ, ಯಾವ ಹಕ್ಕಿಯೂ ಊಸಿಸ್ಟ್ ವಿಸರ್ಜಿಸುವುದಿಲ್ಲ. ತಪ್ಪಾದರೂ ಫಲ ಕೊಟ್ಟ ಊಹೆಗಳ ಪಟ್ಟಿಯಲ್ಲಿ ಹಚಿಸನ್ನರ ಊಹೆಗೆ ಒಳ್ಳೆಯ ಸ್ಥಾನವೇ ಸಲ್ಲಬೇಕು.

ಹಾಗಾದರೆ ಕೋಳಿಯ ಪಾತ್ರವೇನು? ತಿಪ್ಪೆ ಕೆದಕುವಾಗ ಊಸಿಸ್ಟ್‌ಗಳು ಅದರ ಹೊಟ್ಟೆ ಸೇರುತ್ತವೆ. ಗುಂಡಿಗೆ, ಮೆದುಳು, ಸ್ನಾಯುಗಳಲ್ಲಿ ಪರೋಪಜೀವಿ ಸಿಸ್ಟ್‌ಗಳಾಗಿ ನೆಲೆಯೂರುತ್ತದೆ. ಕೋಳಿಗೆ ಕಾಯಿಲೆ ಕಾಣಿಸುವುದು ಅಪರೂಪ. ಅದರ ಹಿಕ್ಕೆಯಿಂದ ಪಕ್ಕದ ಕೋಳಿಗೆ ಸೋಂಕು ದಾಟುವುದಿಲ್ಲ. ಸೋಂಕು ಹೊರಬರುವುದು ಅದನ್ನು ಕೊಯ್ದಾಗ. ಕೋಳಿ ಹಸನು ಮಾಡಿ ಹಿತ್ತಲಿಗೆ ಎಸೆದ ಗುಂಡಿಗೆಯನ್ನೋ ಕತ್ತಿನ ಚೂರನ್ನೋ ಬೆಕ್ಕು ತಿಂದರೆ, ಮೊದಲ ಬಾರಿ ಸೋಂಕು ತಗಲಿದ ಬೆಕ್ಕಾದರೆ, 3ರಿಂದ 10 ದಿನಗಳಲ್ಲಿ ಅದರ ಮಲದಲ್ಲಿ ಲಕ್ಷಗಟ್ಟಲೆ ಊಸಿಸ್ಟ್‌ಗಳು ಬೀಳತೊಡಗುತ್ತವೆ. ಒಂದೆರಡು ವಾರ ವಿಸರ್ಜನೆ ನಡೆಯುತ್ತದೆ. ತೇವವಿರುವ ಮಣ್ಣಿನಲ್ಲಿ ಅವು ವರ್ಷಕ್ಕೂ ಮೀರಿ ಉಳಿಯಬಲ್ಲವು. ಕೋಳಿಯಿಂದ ಮನುಷ್ಯನಿಗೆ ಅಪಾಯವಿರುವುದು ಅರೆಬೆಂದ ಮಾಂಸದಲ್ಲಿ ಮತ್ತು ಹಸಿಮಾಂಸ ಮುಟ್ಟಿ ತೊಳೆಯದ ಕೈಯಲ್ಲಿ, ವಿಶೇಷವಾಗಿ ಗರ್ಭಿಣಿಯರಿಗೆ. ಮಾಂಸದ ಒಳಭಾಗಕ್ಕೂ 67 ಡಿಗ್ರಿ ಸೆಲ್ಸಿಯಸ್ ಶಾಖ ತಲುಪಿದರೆ ಈ ಸಿಸ್ಟ್‌ಗಳು ಸಾಯುತ್ತವೆ. ಹೊತ್ತು ಹಿಡಿದು ಕುದಿಯುವ ನಾಟಿ ಕೋಳಿ ಸಾರಿನ ಬಗ್ಗೆ ಆತಂಕಕ್ಕೆ ಕಾರಣವಿಲ್ಲ.

ಸಂಶೋಧಕನಿಗೆ ಕೋಳಿಯ ನಿಜವಾದ ಬೆಲೆ ಬೇರೆಡೆ ಇದೆ. ನೆಲದಿಂದಲೇ ಆಯ್ದು ತಿನ್ನುವುದರಿಂದ ಬಿಟ್ಟು ಮೇಯಿಸುವ ಕೋಳಿಯ ರಕ್ತದಲ್ಲಿನ ಪ್ರತಿಕಾಯಗಳು ಆ ಊರಿನ ಮಣ್ಣು ಎಷ್ಟು ಮಲಿನವಾಗಿದೆ ಎಂಬುದನ್ನು ಸೂಚಿಸುತ್ತವೆ. ಭಾರತದಲ್ಲಿ ಹುಟ್ಟಿ ಅಮೆರಿಕದ ಕೃಷಿ ಇಲಾಖೆಯಲ್ಲಿ ದುಡಿದ ಜಿತೇಂದರ್ ದುಬೆ ಮತ್ತು ಸಂಗಡಿಗರು ಹಲವು ದೇಶಗಳ ಇಂಥ ಕೋಳಿಗಳಿಂದ ಜೀವಂತ ಪರೋಪಜೀವಿಯನ್ನು ಬೇರ್ಪಡಿಸಿದ್ದು ಈ ದೃಷ್ಟಿಯಿಂದಲೂ ಮಹತ್ವದ ಕೆಲಸ. ಮುಚ್ಚಿದ ಶೆಡ್‌ನಲ್ಲಿ ಬೆಳೆದ ಫಾರಂ ಕೋಳಿಯಲ್ಲಿ ಸೋಂಕು ಕಡಿಮೆ. ಮಣ್ಣಿನ ಸುದ್ದಿಯನ್ನು ಅದು ಹೇಳಲಾರದು.

ಎರಡು ಪ್ರಶ್ನೆಗಳ ಉತ್ತರ ಪೂರ್ತಿ ತಿರುಗುಮುರುಗಾಗುವ ಸಂದರ್ಭವೂ ಇದೆ. ದಕ್ಷಿಣ ಅಮೆರಿಕದ ಚಾಗಾಸ್ ರೋಗದ ಟ್ರಿಪನೊಸೋಮಾ ಕ್ರೂಜಿ ಕೋಳಿಯ ರಕ್ತದಲ್ಲಿ ಬದುಕುವುದೇ ಇಲ್ಲ. ಅಲ್ಲಿನ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಅದನ್ನು ಒಡೆದುಹಾಕುತ್ತವೆ. ಆದರೂ ಅರ್ಜೆಂಟೀನಾದ ಚಾಕೊ ಪ್ರದೇಶದ ಮನೆಗಳಲ್ಲಿ ಒಳಗೇ ಕಾವು ಕೂರುವ ಕೋಳಿಗಳ ರಕ್ತ ಕುಡಿದು ರೋಗವಾಹಕ ತಿಗಣೆಗಳು ಹೆಚ್ಚುತ್ತವೆ, ಬಳಿಕ ಸೋಂಕಿರುವ ನಾಯಿಯನ್ನೂ ಮನೆಯವರನ್ನೂ ಕಚ್ಚುತ್ತವೆ. ಜೋಯೆಲ್ ಕೊಹೆನ್ ಮತ್ತು ರಿಕಾರ್ಡೊ ಗುರ್ಟ್ಲರ್ 2001ರಲ್ಲಿ ಪ್ರಕಟಿಸಿದ ಗಣಿತೀಯ ಮಾದರಿ ಈ ಲೆಕ್ಕವನ್ನೇ ಹಿಡಿದಿತ್ತು. ಅಲ್ಲಿ ಕೋಳಿಯ ರಕ್ತದಲ್ಲಿ ಪರೋಪಜೀವಿಯನ್ನು ಹುಡುಕಿದರೆ ಏನೂ ಸಿಗದು. ತಿಗಣೆಯ ಹೊಟ್ಟೆ ಸೀಳಿ, ಒಳಗಿರುವ ರಕ್ತ ಯಾವ ಪ್ರಾಣಿಯದೆಂದು ನೋಡಬೇಕು.